ಇಂಜಿನ್ ಗೌಡರ ಮುರುಗಲ ನೀರು

"ಸಿಸ್ಟ್ರೆ, ಇಂಜಿನ್ ಗೌಡ್ರು ಹೋದ್ರಂತೆ" ಎಂದು ಲಾಂಚು ನಿಲ್ಲುವ ಕಡವಿನ ಹೋಟೆಲಿನ ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ಕೇಳಿದ್ದು "ಎಲ್ಲಿಗೆ?" ಎಂದು. ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಸಾಯುವ ಆಸಾಮಿಯೇ ಅಲ್ಲ ಅದು. ಹಿಂದಿನ ವಾರ ಫೋನು ಮಾಡಿ, "ನಿಮ್ಮ ಹೊಸನಗರದಲ್ಲಿ ಒಳ್ಳೆ ಮುರುಗಲ ಸಿಪ್ಪೆ ಸಿಕ್ಕಿದ್ರೆ ಒಂದು ಕೆಜಿ ತೆಗ್ದಿಡಿ, ನಮ್ಮ ಕಡೇದು ಈ ಸಲ ಬೂಸ್ಟು ಹಿಡ್ದಿದೆ" ಎಂದು ಜೋರು ಮಾಡಿದ್ದರು. ನಾನು ತೆಗೆದಿಟ್ಟಿದ್ದೆ. ಅದು ಅಡುಗೆಮನೆಯ ಕಪಾಟಿನಲ್ಲೇ ಇತ್ತು. ಆ ಚೀಲವನ್ನೇ ಹಿಡಿದುಕೊಂಡು ತೀರ್ಥಹಳ್ಳಿ ಬಸ್ಸು ಹತ್ತಿದೆ. ಸಾವಿನ ಮನೆಗೆ ಶರಬತ್ತಿನ ಮುರುಗಲ ಸಿಪ್ಪೆ ಒಯ್ಯುವವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ? ತಲೆ ಓಡುತ್ತಿರಲಿಲ್ಲ, ಅಷ್ಟೇ.

ನಾನು ಹಿನ್ನೀರಿನ ಆಚೆ, ಬ್ಯಾಕೋಡಿನ ಕಡೆಯ ಒಂದು ಹಳ್ಳಿಯಲ್ಲಿ ನರ್ಸಾಗಿದ್ದವಳು. ಈಗಲಾದರೆ ಸೇತುವೆಯ ಮೇಲೆ ಕಾರು ನಿಲ್ಲಿಸಿ ಜನ ಫೋಟೋ ತೆಗೆದುಕೊಳ್ಳುತ್ತಾರೆ. ಆಗ ಸಾಗರದ ಆಸ್ಪತ್ರೆಗೆ ಯಾರನ್ನು ಸಾಗಿಸಬೇಕಾದರೂ ನೀರು ದಾಟಬೇಕಿತ್ತು. ನಮ್ಮದು ದೊಡ್ಡ ಕಡವಲ್ಲ. ಒಬ್ಬ ಖಾಸಗಿ ಮಾಲೀಕನ ಸಣ್ಣ ಲಾಂಚು, ಎರಡು ಜೀಪು ನಿಂತರೆ ಉಳಿದ ಜಾಗದಲ್ಲಿ ಜನ ಒತ್ತಿಕೊಂಡು ನಿಲ್ಲಬೇಕು. ಹಳೆಯ ಲಾರಿಯ ಇಂಜಿನ್ ಅದಕ್ಕೆ ಕೂರಿಸಿದ್ದರು. ಆ ಇಂಜಿನ್ ನೋಡಿಕೊಳ್ಳುತ್ತಿದ್ದವರು ಗೌಡರು. ತೀರ್ಥಹಳ್ಳಿಯ ಕಡೆಯ ಗದ್ದೆಮನೆಯವರು, ಅಣ್ಣತಮ್ಮಂದಿರ ಜೊತೆ ಜಗಳ ಮಾಡಿಕೊಂಡು ಬೇಸಾಯ ಬಿಟ್ಟು ಇಂಜಿನ್ ಹಿಂದೆ ಬಿದ್ದವರು. ಅವರ ಹೆಸರು ಹೇಳಿ ಕರೆದವರನ್ನು ನಾನು ನೋಡಿಲ್ಲ. ಎಲ್ಲರಿಗೂ ಇಂಜಿನ್ ಗೌಡ್ರು.

ಇಂಜಿನ್ ಕೆಲಸದವರೆಂದರೆ ಮಸಿ ಬಟ್ಟೆ ಅಂದುಕೊಳ್ಳುತ್ತೇವಲ್ಲ, ಈ ಮಹಾರಾಯರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಇಂಜಿನ್ ಗುಂಡಿಗೆ ಇಳಿಯುತ್ತಿದ್ದರು. ಮುಖಕ್ಕೆ ಪೌಡರು. ಜೇಬಿನಲ್ಲಿ ಬಾಚಣಿಗೆ. "ಎಣ್ಣೆ ಮೈಗೆ ಮೆತ್ಕೊಳೋನು ಕೆಲಸ ಬರದೋನು" ಎನ್ನುವುದು ಅವರ ಮಾತು. ಜಂಬ ಅಂದರೆ ಜಂಬ! ಒಂದು ಬೋಲ್ಟು ಬಿಗಿ ಮಾಡಿದರೂ ಸುತ್ತ ನಿಂತವರನ್ನು ಒಮ್ಮೆ ನೋಡಿಯೇ ಏಳುತ್ತಿದ್ದರು.

ನನಗೂ ಅವರಿಗೂ ಪರಿಚಯ ಶುರುವಾದದ್ದೇ ಜಗಳದಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಡವಿನ ಹೋಟೆಲಿಗೆ ಟೀ ಕುಡಿಯಲು ಹೋದರೆ, ಒಲೆಯ ಮೇಲೆ ಕುದಿಯುತ್ತಿರುವ ಪಾತ್ರೆಯಲ್ಲಿ ದಾರ ಕಟ್ಟಿದ ಒಂದು ಹಿತ್ತಾಳೆಯ ಬಿಲ್ಲೆ ತೂಗಾಡುತ್ತಿದೆ. ಅದಕ್ಕೊಂದು ಸ್ಪ್ರಿಂಗು. ಗೌಡರು ಪಾತ್ರೆಯೊಳಗೇ ಮುಖ ಇಟ್ಟುಕೊಂಡು ಕೂತಿದ್ದಾರೆ. ಹೋಟೆಲಿನ ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಾರೆ. "ನನ್ನ ಟೀ ಪಾತ್ರೆ ಕಣ್ರೀ ಅದು! ಈ ಮನುಷ್ಯಂಗೆ ಎಷ್ಟು ಸಲ ಹೇಳೋದು?"

ಗೌಡರು ತಲೆ ಎತ್ತಿ ನನ್ನನ್ನು ನೋಡಿದರು. "ನೀವು ಹೊಸ ಸಿಸ್ಟ್ರಾ? ನಿಮ್ಮ ಥರ್ಮಾಮೀಟರ್ ಕೊಡಿ ಒಂಚೂರು."

"ಜ್ವರ ನೋಡೋದು ಅದು. ಕುದಿಯೋ ನೀರಿಗೆ ಹಾಕಿದ್ರೆ ಒಡೆದು ಹೋಗುತ್ತೆ!"

"ಅಷ್ಟು ತಡ್ಕೊಳಕ್ಕಾಗಲ್ವಾ? ಎಂತಾ ಥರ್ಮಾಮೀಟರ್ ಮಾರಾಯ್ರೆ ಅದು!" ಎಂದು ಹಾಲಿನ ಡೈರಿಯವರಿಂದ ತಂದಿದ್ದ ಉದ್ದದ್ದೊಂದನ್ನು ಹುಡುಕಿ ತೆಗೆದರು. ನಾನು ಸಿಟ್ಟಿನಲ್ಲಿ ಟೀ ಕುಡಿಯದೆ ಎದ್ದು ಬಂದೆ.

ಆ ಬಿಲ್ಲೆ ಥರ್ಮೋಸ್ಟಾಟ್. ಇಂಜಿನ್ ತಣ್ಣಗಿರುವಾಗ ನೀರನ್ನು ತಡೆದು ಹಿಡಿಯುವ, ಬಿಸಿಯಾದ ಮೇಲೆ ತಾನಾಗಿ ತೆರೆದುಕೊಂಡು ತಂಪಾಗುವ ದಾರಿಗೆ ನೀರು ಬಿಡುವ ಒಂದು ಪುಟ್ಟ ಬಾಗಿಲು ಎಂದು ಆಮೇಲೆ ತಿಳಿಯಿತು. ಮಳೆಗಾಲದಲ್ಲಿ ಹಿನ್ನೀರು ಕೆಂಪಗಾಗಿ, ಕೆಸರೂ ಕೊಳೆತ ಎಲೆಯೂ ಪೈಪಿನೊಳಗೆ ಸೇರಿ ಆ ಬಾಗಿಲಿಗೆ ಮೆತ್ತಿಕೊಳ್ಳುತ್ತಿತ್ತು. ಗೌಡರು ಅದನ್ನು ಬಿಚ್ಚಿ ತೆಗೆದು, ಮುರುಗಲ ಸಿಪ್ಪೆ ನೆನೆಸಿದ ನೀರಿಗೆ ಹಾಕುತ್ತಿದ್ದರು. ನಾವೆಲ್ಲ ಸಾರಿಗೆ ಹಾಕುವ, ಶರಬತ್ತು ಮಾಡುವ ಅದೇ ಹುಳಿ ಸಿಪ್ಪೆ. ಅದರಲ್ಲಿ ನೆನೆದರೆ ಕಿಲುಬು, ಕೆಸರು ಎಲ್ಲ ಬಿಡುತ್ತದೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜುವುದು. ಚಾಕು, ಉಪ್ಪುಕಾಗದ ಮುಟ್ಟಿಸುವಂತಿಲ್ಲ. ಕೊನೆಗೆ ದಾರ ಕಟ್ಟಿ, ಪಾತ್ರೆಯ ತಳ ತಾಗದ ಹಾಗೆ ಬಿಸಿನೀರಲ್ಲಿ ಇಳಿಬಿಟ್ಟು, ಬಾಗಿಲು ತೆರೆಯುತ್ತದೆಯೇ ಎಂದು ನೋಡುವುದು. ತೆರೆಯಿತೋ, ಇಂಜಿನ್ ಹತ್ತಿರ ಕಾದಿದ್ದ ಹೆಲ್ಪರಿಗೆ ಇಡೀ ಕಡವಿಗೆ ಕೇಳುವ ಹಾಗೆ "ಸರಿ ಇದೆ! ಹಾಕು!" ಎಂದು ಕೂಗುತ್ತಿದ್ದರು. ನಮಗೆಲ್ಲ ಅದು ಮಸೀದಿಯ ಬಾಂಗು, ದೇವಸ್ಥಾನದ ಗಂಟೆಯ ಹಾಗೆ ಅಭ್ಯಾಸವಾಗಿ ಹೋಗಿತ್ತು.

ನಮ್ಮ ಕಡೆ ಲಾರಿ, ಜೀಪಿನವರಲ್ಲಿ ಒಂದು ನಂಬಿಕೆಯಿದೆ. ಆ ಥರ್ಮೋಸ್ಟಾಟ್ ಚಳಿ ದೇಶದವರಿಗೆ ಬೇಕಾದದ್ದು, ನಮಗೆ ಯಾಕೆ, ಕಿತ್ತು ಬಿಸಾಕಿದರೆ ಇಂಜಿನ್ ತಣ್ಣಗೆ ಓಡುತ್ತದೆ ಎಂದು. ಎಷ್ಟು ಜನ ಹಾಗೆ ಮಾಡುತ್ತಾರೋ ದೇವರಿಗೇ ಗೊತ್ತು. ಇದನ್ನು ಯಾರಾದರೂ ಹೇಳಿದರೆ ಗೌಡರ ಪೌಡರು ಹಚ್ಚಿದ ಮುಖ ಕೆಂಪಾಗುತ್ತಿತ್ತು. "ಮನೆ ಬಾಗಿಲು ಬಿಗಿ ಹಿಡೀತು ಅಂತ ಬಾಗಿಲನ್ನೇ ಕಿತ್ತು ಹಾಕ್ತೀರೇನ್ರೋ? ಬಾಗಿಲಿಲ್ದಿದ್ರೆ ನೀರು ತಂಪಾಗೋಕೆ ಹೋಗದೆ ಅಡ್ಡದಾರೀಲಿ ವಾಪಸ್ ಇಂಜಿನ್ನಿಗೇ ಬರ್ತದೆ. ಖಾಲಿ ಓಡೋವಾಗ ಗೊತ್ತಾಗಲ್ಲ. ಲೋಡ್ ಬಿದ್ದ ದಿನ ಸುಟ್ಟು ಕೂರ್ಸ್ತದೆ!"

ಇನ್ನೊಂದು ಗುಣ ಹೇಳಲೇಬೇಕು. ಆ ಬಾಯಿಗೆ ಸುಳ್ಳು ಬರುತ್ತಿರಲಿಲ್ಲ. ಒಮ್ಮೆ ಲಾಂಚು ಬಿಡುವುದು ತಡವಾಗಿ ಜನ ರೇಗಾಡುತ್ತಿದ್ದಾಗ, ಗಾಳಿ ಜೋರಿತ್ತು ಅನ್ನಿ ಎಂದು ಮಾಲೀಕರೇ ಹೇಳಿಕೊಟ್ಟರೂ ಕೇಳದೆ, "ಗಾಳಿ ಎಂತದೂ ಇಲ್ಲ. ನಾನು ಕಡುಬು ತಿಂತಿದ್ದೆ" ಎಂದು ಎಲ್ಲರ ಎದುರು ಹೇಳಿ ಉಗಿಸಿಕೊಂಡರು. ಲಾಭ ನಷ್ಟದ ಲೆಕ್ಕವೇ ಇಲ್ಲ. ಇಂಥವರ ಜೊತೆ ಬಾಳುವುದು ಕಷ್ಟ ಎಂದು ನನಗೆ ಅನಿಸುತ್ತಿತ್ತು. ಆದರೆ ನನ್ನ ಕೆಲಸಕ್ಕೆ ಇಂಥವರೇ ಬೇಕಾಗಿತ್ತು. ತಣ್ಣನೆಯ ಇಂಜಿನ್ನನ್ನು ಅವರು ಓಡಿಸುವವರಲ್ಲ. ಬಸುರಿಯೋ ಹಾವು ಕಚ್ಚಿದವರೋ ಇದ್ದರೆ ನಾನು ಮನೆಯಿಂದಲೇ ಒಂದು ಮಿಸ್ ಕಾಲ್ ಕೊಡುತ್ತಿದ್ದೆ. ನಾವು ಕಡವು ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿ, ಹಲಗೆ ಇಳಿಬಿಟ್ಟು, ಗೌಡರು ತಲೆ ಬಾಚಿಕೊಂಡು ನಿಂತಿರುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ತಾಯಿ ಬೇಗ ತೀರಿಕೊಂಡದ್ದರಿಂದ ಅಪ್ಪನ ಹಿಂದೆಯೇ ಕಡವಿನಲ್ಲಿ ಬೆಳೆದವಳು. ಸಿಪ್ಪೆ ಹಿಂಡುವುದು, ಬ್ರಷ್ಷಿನಲ್ಲಿ ಉಜ್ಜುವುದು, ದಾರ ಕಟ್ಟುವುದು ಎಲ್ಲ ಅವಳಿಗೆ ಬರುತ್ತಿತ್ತು. ದೊಡ್ಡವಳಾದ ಮೇಲೆ ಲಾಂಚಿನ ಹೆಲ್ಪರನ್ನೇ ಮೆಚ್ಚಿದಳು. ಗೌಡರು ಬೇಡ ಅನ್ನದೆ ಮದುವೆ ಮಾಡಿಕೊಟ್ಟರು. ನನ್ನ ಹತ್ತಿರ ಮಾತ್ರ ಹೇಳಿದ್ದರು, "ಹುಡುಗ ಬಂಗಾರ ಸಿಸ್ಟ್ರೆ. ಕೈ ಮಾತ್ರ ಅವಸರದ್ದು."

ಇನ್ನು ಆ ದಿನದ ಸುದ್ದಿ.

ಮಗಳಿಗೆ ಚೊಚ್ಚಲ ಹೆರಿಗೆ. ನೋವು ಶುರುವಾದದ್ದೇ ಮಗು ಅಡ್ಡವಾಗಿದೆ ಎಂದು ನನ್ನ ಕೈಗೆ ಗೊತ್ತಾಯಿತು. ಸಾಗರಕ್ಕೆ ಒಯ್ಯದೆ ಬೇರೆ ದಾರಿಯಿಲ್ಲ. ಫೋನು ಮಾಡಿದೆ. ಗೌಡರು ಊರಿನ ಮದುವೆಯೊಂದಕ್ಕೆ ಹೋಗಿದ್ದವರು ಅದೇ ಬೆಳಿಗ್ಗೆ ವಾಪಸು ಬಂದಿದ್ದರು. ನಾವು ಕಡವಿಗೆ ಬರುವಾಗ ಇಂಜಿನ್ ಬಿಸಿಯಾಗಿತ್ತು. ಸಿಗಂದೂರಿನಿಂದ ವಾಪಸಾಗುವ ಭಕ್ತರ ದೊಡ್ಡ ಗಾಡಿಯೊಂದು ಆಗಲೇ ಲಾಂಚಿನ ಮೇಲಿತ್ತು, ಜನವೂ ತುಂಬಿದ್ದರು. ನಮ್ಮ ಜೀಪು ಹತ್ತಿತು. ಎದುರು ಗಾಳಿ. ನಡುನೀರಿಗೆ ಬಂದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಇಂಜಿನ್ ಗುಂಡಿಯ ಹಲಗೆಯ ಸಂದಿನಿಂದ ಬಿಳಿ ಹಬೆ ಎದ್ದಿತು.

ಗೌಡರು ಇಂಜಿನ್ ನಿಲ್ಲಿಸಿ ಗುಂಡಿಗೆ ಹಾರಿದರು. ಕೆಸರು ಕಟ್ಟಿ ಥರ್ಮೋಸ್ಟಾಟ್ ಮುಚ್ಚಿಕೊಂಡಿದೆ, ತೆಗೆದು ತೊಳೆದು ಹಾಕಿದರೆ ಆಯಿತು ಎಂದು ಲೆಕ್ಕ ಹಾಕಿದ್ದರು. ಗೋಣಿ ಸುತ್ತಿಕೊಂಡು ಬೋಲ್ಟು ತಿರುಗಿಸಿದರು. ಕುದಿನೀರು ಚಿಮ್ಮಿ ಎರಡೂ ಮುಂಗೈ ಬೆಂದವು. ಕೂಗಲಿಲ್ಲ. ಮುಚ್ಚಳ ಎತ್ತಿ ಒಳಗೆ ನೋಡಿದರು.

ಒಳಗೆ ಏನೂ ಇರಲಿಲ್ಲ.

ಜೀಪಿನ ಬಾಗಿಲಲ್ಲಿ ನಿಂತಿದ್ದ ನಾನು ಆ ಮುಖ ನೋಡಿದೆ. ಹೆಣದ ಮುಖಗಳನ್ನು ಬೇಕಾದಷ್ಟು ನೋಡಿದವಳು ನಾನು. ಬದುಕಿರುವವರ ಮುಖ ಹಾಗಾದದ್ದನ್ನು ಅದೊಂದೇ ಸಲ ನೋಡಿದ್ದು. ಅವರು ನಿಧಾನಕ್ಕೆ ತಲೆ ಎತ್ತಿ ಅಳಿಯನನ್ನು ನೋಡಿದರು. ಅಳಿಯ ತಲೆ ತಗ್ಗಿಸಿದ. ಗೌಡರು ಆ ಖಾಲಿ ಜಾಗದ ಮೇಲೆ ಮುಚ್ಚಳ ಇಟ್ಟು, ಬೆಂದ ಕೈಯಲ್ಲೇ ಬೋಲ್ಟು ಬಿಗಿದರು. ನನಗೆ ಅಲ್ಲೇ ಎಲ್ಲ ಗೊತ್ತಾಗಿ ಹೋಯಿತು. ಮಾವ ಇಲ್ಲದಾಗ ಇಂಜಿನ್ ಬಿಸಿ ಹಿಡಿದಿದೆ, ನೆನೆಸಿ ತೊಳೆಯುವ ತಾಳ್ಮೆ ಇಲ್ಲದೆ ಇವನು ಕಿತ್ತಿದ್ದಾನೆ. ಖಾಲಿ ಲಾಂಚು ಚೆನ್ನಾಗಿಯೇ ಓಡಿದೆ. ಹೇಳಲು ಬಾಯಿ ಬಂದಿಲ್ಲ.

ಇಂಜಿನ್ ಆರುವವರೆಗೆ ಕಾಯುವುದು, ಸ್ವಲ್ಪ ಓಡಿಸುವುದು, ಮತ್ತೆ ಕಾಯುವುದು. ಒಳಗೆ ಮಗಳು "ಅಪ್ಪಾ, ಬೇಗ ಅಪ್ಪಾ" ಎನ್ನುತ್ತಿದ್ದಳು. ಅಪ್ಪನಿಗೆ ಅವಳು ಆಡಿದ ಕೊನೆಯ ಮಾತು ಅದು. ಸಾಗರ ಮುಟ್ಟಿದ ಮೇಲೆ ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಮಾಲೀಕರು ಗ್ಯಾರೇಜಿನವನೊಬ್ಬನನ್ನು ಕರೆತಂದು ಕಡವಿನಲ್ಲಿ ಎಲ್ಲರೆದುರು ಇಂಜಿನ್ ಬಿಚ್ಚಿಸಿದರು. "ಥರ್ಮೋಸ್ಟಾಟೇ ಇಲ್ವಲ್ರೀ! ಯಾರು ಕಿತ್ತಿದ್ದು?" ಎಂದು ಅವನು ಕೇಳಿದ. ನಾನು ಅಳಿಯನ ಕಡೆ ನೋಡುತ್ತಿದ್ದೆ. ಅವನು ಪ್ಯಾಂಟಿನ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದ.

"ನಾನೇ" ಎಂದರು ಗೌಡರು. "ಮದುವೆಗೆ ಹೋಗೋ ಗಡಿಬಿಡಿ. ತೊಳೆಯೋಕೆ ಪುರ್ಸೊತ್ತಿರಲಿಲ್ಲ. ಕಿತ್ತಾಕಿ ಹೋದೆ."

ನನ್ನ ಕಿವಿಯನ್ನು ನಾನು ನಂಬಲಿಲ್ಲ. ಕಡುಬು ತಿನ್ನುತ್ತಿದ್ದೆ ಎಂದು ಒಪ್ಪಿಕೊಂಡ ಬಾಯಿ ಅದು! ಹೋಟೆಲಿನ ಅಮ್ಮ ಕೈಯಲ್ಲಿದ್ದ ಲೋಟ ಕೆಳಗೆ ಹಾಕಿದರು. ಗುಂಪಿನಲ್ಲಿ ಯಾರೋ ನಕ್ಕರು. "ಊರಿಗೆಲ್ಲ ಬುದ್ಧಿ ಹೇಳೋರು, ತಾವೇ ಕಿತ್ತಾಕಿದ್ರಂತೆ. ಮೊಮ್ಮಗೂನೇ ತಿಂದ್ರಲ್ಲ!" ಎಂದರು. ಗೌಡರು ಸುಣ್ಣದಂಥ ಮುಖ ಮಾಡಿಕೊಂಡು ನಿಂತೇ ಇದ್ದರು. ಬಿಳಿ ಶರ್ಟಿನ ತೋಳಿನ ಕೆಳಗೆ ನಾನು ಕಟ್ಟಿದ ಬ್ಯಾಂಡೇಜು.

ಡ್ರೆಸಿಂಗ್ ಬದಲಿಸಲು ಬಂದಾಗ ಹಿಡಿದುಕೊಂಡೆ. "ಗೌಡ್ರೆ, ನಾನು ಕುರುಡಿ ಅಲ್ಲ. ಯಾಕೆ ಹೇಳಿದ್ರಿ ಹಾಗೆ?"

"ಮಗು ಹೋಯ್ತು ಸಿಸ್ಟ್ರೆ. ಇನ್ನು ಗಂಡನೂ ಹೋಗ್ಬೇಕಾ ಅವಳಿಗೆ? ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡು ಬದುಕ್ಬೋದು. ಒಂದೇ ಮನೇಲಿರೋ ಗಂಡನ ಮೇಲೆ ಅಂಥ ಸಿಟ್ಟು ಇಟ್ಕೊಂಡು ಹ್ಯಾಂಗೆ ಬದುಕ್ತಾಳೆ?" ಎಂದರು. ಆಮೇಲೆ ನನ್ನ ಕೈ ಹಿಡಿದು, "ನಿಮ್ಮ ಬಾಯಿಂದ ಇದು ಹೊರಗೆ ಬಿದ್ರೆ ನಾನು ಆ ನೀರಿಗೇ ಹಾರ್ತೀನಿ" ಎಂದರು. ನಾನು ಅಲ್ಲೇ ಕೂತು ಗೊಳೋ ಎಂದು ಅತ್ತೆ. ಸಮಾಧಾನ ಮಾಡಿದ್ದು ಅವರು.

ಕಡವಿನ ಸುದ್ದಿ ಕೇಳಿದ್ದ ಮಗಳು ಆಸ್ಪತ್ರೆಯಲ್ಲಿ ಅಪ್ಪನನ್ನು ನೋಡಿ ಗೋಡೆಯ ಕಡೆ ತಿರುಗಿದವಳು ಮತ್ತೆ ಈ ಕಡೆ ತಿರುಗಲಿಲ್ಲ. ಗೌಡರು ಕಡವು ಬಿಟ್ಟು ಊರಿಗೆ ಹೋದರು. ತುಂಗೆಯ ದಂಡೆಯಲ್ಲಿ ಪಂಪ್‌ಸೆಟ್ಟು, ಟಿಲ್ಲರು ರಿಪೇರಿ ಮಾಡಿಕೊಂಡಿದ್ದರು. ನಾನು ನಿವೃತ್ತಿಯಾಗಿ ಹೊಸನಗರದ ನಮ್ಮ ಮನೆಗೆ ಬಂದ ಮೇಲೆ ಆಗಾಗ ಹೋಗಿ ನೋಡಿ ಬರುತ್ತಿದ್ದೆ. ಅದೇ ಇಸ್ತ್ರಿ ಶರ್ಟು, ಅದೇ ಪೌಡರು. ಯಾರದೋ ಟ್ರ್ಯಾಕ್ಟರಿನ ಥರ್ಮೋಸ್ಟಾಟ್ ಮುರುಗಲ ನೀರಲ್ಲಿ ನೆನೆಯುತ್ತಿರುತ್ತಿತ್ತು. ಆದರೆ ಬಿಸಿನೀರಲ್ಲಿ ಅದು ತೆರೆದುಕೊಂಡಾಗ ಕೂಗುತ್ತಿರಲಿಲ್ಲ. ಸುಮ್ಮನೆ ತೆಗೆದು ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದರು. "ಪುಟ್ಟಿ ಫೋನ್ ಎಂತಾದ್ರೂ ಮಾಡಿದ್ಲಾ ನಿಮಗೆ?" ಎಂದು ಪ್ರತಿ ಸಲ ಮಗಳ ಸುದ್ದಿ ಕೇಳುತ್ತಿದ್ದರು. ಮಗಳಿಗೆ ಆಮೇಲೊಂದು ಹೆಣ್ಣು ಮಗುವಾಗಿದೆ, ಶಾಲೆಗೆ ಹೋಗುತ್ತಿದೆ ಎಂದು ನಾನು ಹೇಳಿದಾಗ, "ಚೆನ್ನಾಗಿದ್ದಾರಲ್ಲ? ಸಾಕು ಬಿಡಿ" ಎಂದಿದ್ದರು. ಅದನ್ನು ಕೇಳಿ, ಈ ಮನುಷ್ಯ ಸೋತು ಗೆದ್ದಿದ್ದಾನೆ ಎಂದೇ ನಾನು ನಂಬಿದ್ದೆ.

ತೀರ್ಥಹಳ್ಳಿಯಲ್ಲಿ ಬಸ್ಸಿಳಿದು ಸಾವಿನ ಮನೆಗೆ ಹೋದಾಗ ಅಂಗಳದಲ್ಲಿ ಜನ ಸೇರಿದ್ದರು. ಗೌಡರನ್ನು ಜಗುಲಿಯಲ್ಲಿ ಮಲಗಿಸಿದ್ದರು. ಮುಂಗೈಯ ಸುಟ್ಟ ಕಲೆ ಹಾಗೇ ಇತ್ತು. ಅಳಿಯ ಅಂಗಳದ ಮೂಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದ, ಒಳಗೆ ಬಂದಿರಲಿಲ್ಲ. ಮಗಳು ಎಲ್ಲಿ ಎಂದೆ. ಹಿತ್ತಲಲ್ಲಿದ್ದಾಳೆ, ಬಂದಾಗಿನಿಂದ ಒಂದು ತೊಟ್ಟು ಕಣ್ಣೀರು ಹಾಕಿಲ್ಲ, ಎಂಥ ಕಲ್ಲೆದೆಯವಳೋ ಎಂದು ಹೆಂಗಸರು ಗೊಣಗಿದರು. ನನಗೂ ರೇಗಿತು. ಇವತ್ತು ಹೇಳಿಯೇ ಬಿಡುತ್ತೇನೆ, ನನ್ನ ಬಾಯಿ ಕಟ್ಟಿದವರೇ ಇಲ್ಲವಲ್ಲ, ಅಪ್ಪ ನಿನಗಾಗಿ ಏನು ಮಾಡಿದ ಎಂದು ತಿಳಿಯಲಿ ಎಂದು ಹಿತ್ತಲಿಗೆ ನಡೆದೆ.

ಅವಳು ಒಗೆಯುವ ಕಲ್ಲಿನ ಹತ್ತಿರ ಕೂತಿದ್ದಳು. ಮುಂದೆ ಒಂದು ಬೋಗುಣಿ. ಕೈಯಲ್ಲಿ ಹಳೆಯ ಬ್ರಷ್ಷು. ಕೆಸರು ಕಟ್ಟಿ ಕಪ್ಪಾದ ಒಂದು ಬಿಲ್ಲೆಯನ್ನು ಉಜ್ಜುತ್ತಿದ್ದಳು. ಅದಕ್ಕೊಂದು ಸ್ಪ್ರಿಂಗು.

"ಎಲ್ಲಿತ್ತೇ ಇದು?"

"ಇವರ ಪ್ಯಾಂಟಿನ ಜೇಬಲ್ಲಿ. ಆಸ್ಪತ್ರೆಯಿಂದ ಮನೆಗೆ ಬಂದು ಬಟ್ಟೆ ಒಗೆಯೋಕೆ ಹಾಕ್ದಾಗ ಸಿಕ್ತು" ಎಂದಳು, ತಲೆ ಎತ್ತದೆ. "ಅಪ್ಪ ತೆಗ್ದಿದ್ರೆ ಇದು ಇವರ ಜೇಬಲ್ಲಿ ಯಾಕಿರ್ತಿತ್ತು ಸಿಸ್ಟ್ರೆ? ಅಪ್ಪ ಜನ್ಮದಲ್ಲಿ ಒಂದನ್ನಾದ್ರೂ ತೊಳೀದೆ ಇಟ್ಟಿದ್ರಾ?"

"ಅಂದ್ರೆ ಆಗಿನಿಂದ್ಲೂ ಗೊತ್ತಿತ್ತಾ ನಿಂಗೆ? ಮತ್ತೆ ಅಪ್ಪನ ಹತ್ರ ಯಾಕೆ ಮಾತು ಬಿಟ್ಟೆ ಮಾರಾಯ್ತಿ?"

ಆಗ ಅವಳು ನನ್ನನ್ನು ನೋಡಿದಳು. "ಹೋಗಿದ್ದು ನನ್ನ ಮಗು. ಯಾರ ಮೇಲೆ ಸಿಟ್ಟು ಮಾಡ್ಬೇಕು, ಯಾರನ್ನ ಕ್ಷಮಿಸ್ಬೇಕು ಅಂತ ನಾನು ನೋಡ್ಕೋತಿದ್ದೆ. ಅಪ್ಪ ನನ್ನನ್ನ ಒಂದು ಮಾತು ಕೇಳಿದ್ರಾ? ಎಲ್ಲರೆದುರು ಸುಳ್ಳು ಹೇಳಿ ನನ್ನ ಬಾಯಿಗೆ ಬೀಗ ಹಾಕಿದ್ರು. ನಾನು ನಿಜ ಹೇಳಿದ್ರೆ ಅವರು ಮಾಡಿದ್ದೆಲ್ಲ ನೀರಲ್ಲಿ ಹೋಮ. ಹೇಳ್ದೆ ಇವರ ಜೊತೆ ಉಂಡು ಮಲಗ್ಬೇಕು. ಇವರೂ ಬಾಯಿ ಬಿಡ್ಲಿಲ್ಲ. ಆ ಸಿಟ್ಟೆಲ್ಲ ಅಪ್ಪನ ಮೇಲೇ ಹೋಯ್ತು." ಮತ್ತೆ ಉಜ್ಜತೊಡಗಿದಳು. "ಈ ಹಬ್ಬಕ್ಕೆ ತಗೊಂಡು ಬಂದು ಅವರ ಕೈಗೇ ಕೊಡ್ಬೇಕು, ತೊಳೀರಿ ಅನ್ಬೇಕು ಅಂತಿದ್ದೆ. ಅಷ್ಟ್ರಲ್ಲಿ ಫೋನ್ ಬಂತು. ಇಲ್ಲಿ ಸಿಪ್ಪೆ ಬೂಸ್ಟು ಹಿಡ್ದಿದೆ ಸಿಸ್ಟ್ರೆ, ಕೆಸರು ಬಿಡ್ತಾನೇ ಇಲ್ಲ."

ಕೈಯಲ್ಲಿದ್ದ ಚೀಲ ಬಿಚ್ಚಿ ಹೊಸ ಸಿಪ್ಪೆಯನ್ನು ಬೋಗುಣಿಗೆ ಸುರಿದೆ. ನೀರು ಕೆಂಪಗಾಯಿತು. ಇಬ್ಬರೂ ಕೂತು ಕಾದೆವು. ಆಮೇಲೆ ಅವಳು ಉಜ್ಜಿದಳು, ಮೆಲ್ಲಗೆ, ಅಪ್ಪ ಕಲಿಸಿದ ಹಾಗೆ. ಹಿತ್ತಾಳೆ ಹೊಳೆಯಿತು.

ಅಂಗಳದಲ್ಲಿ ಮೂರು ಕಲ್ಲು ಹೂಡಿ ಗೌಡರಿಗೆ ಕೊನೆಯ ಸ್ನಾನದ ನೀರು ಕಾಯಿಸುತ್ತಿದ್ದರು. ಅವಳು ಸೆರಗಿನ ಅಂಚಿನಿಂದ ನೂಲೊಂದನ್ನು ಹರಿದು ಬಿಲ್ಲೆಗೆ ಕಟ್ಟಿ, ನೇರ ಹಂಡೆಯ ಹತ್ತಿರ ಹೋಗಿ ಇಳಿಬಿಟ್ಟಳು. "ಎಂತ ಮಾಡ್ತೀಯೇ? ಹೆಣ ಮೀಸೋ ನೀರು ಅದು! ಹುಚ್ಚು ಹಿಡೀತಾ?" ಎಂದು ಚಿಕ್ಕಮ್ಮನೊಬ್ಬರು ಚೀರಿದರು. ಅವಳು ಅಲ್ಲಾಡಲಿಲ್ಲ. ಕಂಬದ ಹತ್ತಿರ ನಿಂತಿದ್ದ ಅಳಿಯನ ಕಣ್ಣಿಗೆ ಆ ದಾರದ ತುದಿಯಲ್ಲಿ ಏನಿದೆ ಎಂದು ಕಂಡಿತು. ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನಾನು ಕಿತ್ತಿದ್ದು. ಮಾವ ಅಲ್ಲ. ನಾನು" ಎಂದ. ಅಂಗಳದವರೆಲ್ಲ ಅವನ ಕಡೆ ತಿರುಗಿದರು.

ಅವಳು ಅವನ ಕಡೆ ನೋಡಲೇ ಇಲ್ಲ. ಹಬೆಯೊಳಗೆ ಮುಖ ಇಟ್ಟುಕೊಂಡು, ಥೇಟ್ ಗೌಡರ ಹಾಗೆ, ನೀರನ್ನೇ ನೋಡುತ್ತಿದ್ದಳು. ಮೊದಲು ಏನೂ ಆಗಲಿಲ್ಲ. ಇಷ್ಟು ವರ್ಷ ಕೆಸರು ಮೆತ್ತಿಕೊಂಡು ಬಿದ್ದಿದ್ದು, ಇನ್ನೆಲ್ಲಿ ಎಂದುಕೊಂಡೆ. ಆಮೇಲೆ ಬಾಗಿಲು ಒಂದು ಕೂದಲೆಳೆಯಷ್ಟು ಅಲ್ಲಾಡಿತು. ನಿಧಾನಕ್ಕೆ ಪೂರ್ತಿ ತೆರೆದುಕೊಂಡಿತು.

ಅವಳು ಜಗುಲಿಯ ಕಡೆ ತಿರುಗಿದಳು. ಆಸ್ಪತ್ರೆಯಲ್ಲಿ ಗೋಡೆಯ ಕಡೆ ತಿರುಗಿದವಳು.

"ಸರಿ ಇದೆ ಅಪ್ಪಾ!" ಎಂದು ಇಡೀ ಊರಿಗೆ ಕೇಳುವ ಹಾಗೆ ಕೂಗಿದಳು. "ಅಪ್ಪಾ, ಸರಿ ಇದೆ! ಹಾಕು!"